ಹದಿನೇಳು ರೂಪಾಯಿ

ನಾನು ಇಳಿದದ್ದು ದುದ್ದದಲ್ಲಿ.
ಸಾಕ್ಷಿ ಬೇಕಾದರೆ ಅಕ್ಕಿ ಅಂಗಡಿ ದ್ಯಾವಪ್ಪನನ್ನು ಕೇಳಿ:
ಅವನ ತಕ್ಕಡಿ ಎಡಕ್ಕೆ ವಾಲುತ್ತಿತ್ತು,
ಮುಳ್ಳನ್ನು ನಡುವಿಗೆ ತಂದು ನಿಲ್ಲಿಸಿದೆ.
ಬುಧವಾರ, ಹನ್ನೊಂದೂ ಕಾಲು.
ಅವನು ತರಿಸಿದ ಟೀಗೆ ಸಕ್ಕರೆ ಜಾಸ್ತಿ.

ಕಾರ್ಡು ಮಾತ್ರ ಹೇಳುತ್ತದೆ
ನಾನು ಹಾರನಹಳ್ಳಿವರೆಗೂ ಹೋದೆನೆಂದು.

ಹಾಸನ ಬಸ್ ಸ್ಟ್ಯಾಂಡಿನ ಮೂರನೇ ಕಿಟಕಿ.
ನನ್ನ ಮುಂದೆ ಪಾಸು ಕಳಕೊಂಡ ಐಟಿಐ ಹುಡುಗ,
ಅವನ ಮುಂದೆ ಆಲೂಗಡ್ಡೆ ಚೀಲ ಹೊತ್ತ ಒಬ್ಬಾಕೆ:
"ನಂಗೆ ಫ್ರೀ ಅಂದ್ಮೇಲೆ ನನ್ ಗೆಡ್ಡೆಗ್ಯಾಕೆ ಲಗೇಜು?"
ನ್ಯಾಯವಾದ ಪ್ರಶ್ನೆ. ಕಿಟಕಿ ಉತ್ತರ ಕೊಡಲಿಲ್ಲ.

ನನ್ನ ಸರದಿ. ಜೆಸಿಂತಾ ಮೇಡಂ
ಕಾರ್ಡನ್ನು ಯಂತ್ರಕ್ಕೆ ತೋರಿಸಿದರು; ಕೀಂ ಎಂದಿತು.
"ಹಾರನಹಳ್ಳಿ ಅಂತಲೇ ಇದೆಯಲ್ಲ?
ಮಿಷಿನ್ನು ಸುಳ್ಳು ಹೇಳಲ್ಲ ಯಜಮಾನ್ರೇ."

ಆ ಮಾತು ನನ್ನ ಮುಂದೆ ಆಡಬೇಡಿ ತಾಯಿ.
ಮೂವತ್ತೊಂದು ವರ್ಷ ಮಿಷಿನ್ನುಗಳ ಸುಳ್ಳು ತಿದ್ದಿ
ಅನ್ನ ತಿಂದವನು ನಾನು.
ಸ್ಪ್ರಿಂಗು ದಣಿಯುತ್ತದೆ, ಕೊಂಡಿ ಸವೆಯುತ್ತದೆ,
ಬೆಲ್ಲದ ಅಂಗಡಿಯ ತಟ್ಟೆಗೆ ಬೆಲ್ಲವೇ ಮೆತ್ತಿಕೊಂಡು
ವರ್ಷಕ್ಕೆ ಹತ್ತು ಗ್ರಾಂ ಮೈ ಬರುತ್ತದೆ.
ಯಾವುದೂ ಬೇಕೆಂದು ಸುಳ್ಳಾಡುವುದಿಲ್ಲ.
ಯಾರೂ ಕೇಳದಿದ್ದರೆ, ತನ್ನದೇ ಸರಿಯೆಂದು
ಸುಮ್ಮನೆ ನೇತಾಡುತ್ತಿರುತ್ತದೆ.

"ಹದಿನೇಳು ರೂಪಾಯಿಗೆ ಇಷ್ಟುದ್ದ ಪುರಾಣವಾ?"
ಹಿಂದಿನಿಂದ ಯಾರೋ.
ಹೌದಪ್ಪ. ಹದಿನೇಳು ಗ್ರಾಂ ಆಗಿದ್ದರೂ ಇಷ್ಟೇ ಉದ್ದ.

ಫಾರಂ ಕೊಟ್ಟರು.
ಹೆಸರು: ಕಾಳಾಚಾರ್.
ಹತ್ತಿದ ಊರು, ಇಳಿದ ಊರು, ಮೊಬೈಲು, ಎಲ್ಲ ತುಂಬಿದೆ.
ತಕರಾರಿನ ವಿವರ: ಎರಡೇ ಗೆರೆ ಜಾಗ.

ಪೆನ್ನು ಅಲ್ಲಿ ನಿಂತಿತು.
ನಾನು ಹಾರನಹಳ್ಳಿಗೆ ಹೋಗಿಲ್ಲ.
ಅಷ್ಟು ಬರೆದರೆ ಸಾಕಿತ್ತು. ನಿಜವೇ ಅದು,
ಹತ್ತೊಂಬತ್ತು ವರ್ಷದಿಂದ ನಿಜ.

ಹಾರನಹಳ್ಳಿಯಲ್ಲಿ ಇಮಾಮ್ ಸಾಬಿ ಇದ್ದಾನೆ.
ಸಂತೆಪೇಟೆಯ ಒಂದೇ ಮಳಿಗೆ ನಮ್ಮಿಬ್ಬರದು,
ಒಂದೇ ಅರ, ಒಂದೇ ಇಕ್ಕಳ,
ಅವನ ಡಬ್ಬಿಯ ನಿಂಬೆಕಾಯಿ ಉಪ್ಪಿನಕಾಯಿ ನನ್ನ ರೊಟ್ಟಿಗೆ.
ಇನ್ನೂರು ಗ್ರಾಂ ಬಟ್ಟಿನ ತಳದಿಂದ
ಯಾರೋ ಸೀಸ ಕೆರೆದಿದ್ದರು.
ನೀನೇ ಎಂದೆ. ಅಲ್ಲ ಎಂದ.
ತಕ್ಕಡಿಯನ್ನಾದರೆ ಮೂರು ಸಲ ತೂಗಿ ನೋಡುವ ನಾನು
ಅವನನ್ನು ಒಂದೇ ಸಲ ಕೇಳಿದೆ.
ಅರವನ್ನು ಮೇಜಿನ ಮೇಲಿಟ್ಟು ಹೋದ.
ಅದರ ಮರದ ಹಿಡಿಯಲ್ಲಿ ಅವನ ಹೆಬ್ಬೆರಳಿನ ಗುಳಿ.
ನನ್ನ ಬೆರಳು ಅದಕ್ಕೆ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ಮಿಷಿನ್ನಿನ ಲೆಕ್ಕದಲ್ಲಿ, ಮೊನ್ನೆ ಬುಧವಾರ
ನಾನು ಅಲ್ಲಿ ಇಳಿದಿದ್ದೇನೆ.
ಅವನ ಮನೆ ಯಾವುದೆಂದು ಸೈಕಲ್ ಶಾಪಿನಲ್ಲಿ ಕೇಳಿರಬೇಕು.
ಬಾಗಿಲಲ್ಲಿ ಚಪ್ಪಲಿ ಬಿಟ್ಟಿರಬೇಕು.
ಅವನು ಯಾರು ಎಂದನೋ, ಬಾ ಎಂದನೋ,
ಒಳಗಿಂದಲೇ ಕೆಮ್ಮಿ ಸುಮ್ಮನಾದನೋ...
ಕಾರ್ಡಿನಲ್ಲಿ ಅಷ್ಟೆಲ್ಲ ಬರುವುದಿಲ್ಲ.
ಬರುವುದು ಸಮಯ, ಸ್ಟೇಜು, ದುಡ್ಡು.

"ಬೇಗ ಬರೀರಿ, ಊಟದ ಟೈಮಾಯ್ತು."

ಬರೆದೆ.
ಮೇಡಂ ಒಳಗೆ ಫೋನು ಮಾಡಿದರು, ಏನೋ ಒತ್ತಿದರು.
ಕಂಡಕ್ಟರು ಸ್ಟೇಜು ತಪ್ಪಾಗಿ ಒತ್ತಿದ್ದನಂತೆ.
ಅಂಗೈಯಗಲದ ಚೀಟಿ ಬಂತು, ಇನ್ನೂ ಬೆಚ್ಚಗಿತ್ತು:
ಪ್ರಯಾಣ ರದ್ದು. ಹಣ ಮರುಜಮೆ.

ಗೆದ್ದೆ.
ಪಾಸಿನ ಹುಡುಗ ಬೆನ್ನು ತಟ್ಟಿದ.
ಚೀಟಿಯನ್ನು ನಾಲ್ಕು ಮಡಿಕೆ ಮಾಡಿ,
ಮತ್ತೆ ಬಿಚ್ಚಿ ಓದಿದೆ.
ಹೋಗದ ಊರಿನಿಂದ
ನನ್ನನ್ನು ವಾಪಸು ಕರೆಸಿಕೊಂಡಿದ್ದರು.

ಅರಸೀಕೆರೆ ಬಸ್ಸು ಎಂಜಿನ್ ಹಾಕಿಕೊಂಡೇ ನಿಂತಿತ್ತು.
ಬಾಗಿಲ ಕಂಬಿ ಹಿಡಿದು ಕೇಳಿದೆ,
ಹಾರನಹಳ್ಳಿಗೆ ಎಷ್ಟಾಗುತ್ತೆ ಅಂತ.
ಎಷ್ಟೆಂದು ರೂಪಾಯಿ ಬಿಡದೆ ಗೊತ್ತಿತ್ತು ನನಗೆ.