ನೆಲದ ತೂತು

ಕಲಾಸಿಪಾಳ್ಯದ ಸಂದಿಯಲ್ಲಿ ಏಳುಮಲೈ ಅಂಗಡಿ.
ಹೊರಗೆ ಸಾಲಾಗಿ ಸಿಲಿಂಡರುಗಳು,
ಮದುವೆಮನೆಯ ಎರಡನೇ ಪಂಕ್ತಿಗೆ ಕಾದವರ ಹಾಗೆ:
ಕೆಂಪಿನವು, ನೀಲಿಯವು, ಮೂಲೆಯಲ್ಲೊಂದು ಗಿಡ್ಡ,
ಇನ್ನೊಂದು ಹೊಸ ಕಾಲದ್ದು, ಪ್ಲಾಸ್ಟಿಕ್ಕಿನಂಥ ಮೈ,
ಬೆಳಕಿಗೆ ಹಿಡಿದರೆ ಹೊಟ್ಟೆಯೊಳಗಿನದು ಕಾಣುತ್ತದೆ.

'ಮನೆಗಾ, ಹೋಟ್ಲಿಗಾ?'
'ಗಾಡಿಗೆ.'
'ಓಡ್ಸೋಕಾ?'
'ಅಲ್ಲಪ್ಪ, ಅನ್ನ ಮಾಡೋಕೆ.'
ಇಪ್ಪತ್ತೊಂಬತ್ತು ವರ್ಷ ಚರ್ಮದ ಚೀಲ ನೇತುಹಾಕಿಕೊಂಡು
ನಿಂತೇ ಈ ಊರು ಸುತ್ತಿದವಳು ನಾನು.
ಇನ್ನು ಕೂತು ಹೋಗಬೇಕು, ಬೇಕಾದ ಕಡೆ ನಿಲ್ಲಬೇಕು,
ನಿಂತ ಕಡೆ ಒಲೆ ಹಚ್ಚಬೇಕು.

ಗಾಡಿಯೆಂದರೆ ಎಂಬತ್ತಾರರ ಮೆಟಡಾರು,
ಯಾರೋ ಹಲ್ಲಿನ ಡಾಕ್ಟರು ಹಳ್ಳಿ ಹಳ್ಳಿಗೆ ಒಯ್ಯುತ್ತಿದ್ದದ್ದು;
ಬಾಗಿಲು ತೆಗೆದರೆ ಇನ್ನೂ ಲವಂಗದೆಣ್ಣೆ ವಾಸನೆ.
ಮಡಚೋ ಮಂಚ, ಎರಡುರಿಯ ಒಲೆ,
ಒಲೆಯ ಕೆಳಗೆ ತಗಡಿನ ಗೂಡು.
ಅಗಲ ಹನ್ನೊಂದು ಅಂಗುಲ,
ಹಳೇ ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡು ಬಂದಿದ್ದೆ.

ದೊಡ್ಡ ಕೆಂಪಿನದು ಅದರಲ್ಲಿ ಹಿಡಿಸದು.
'ಮಲಗ್ಸಿ ಇಡಬಹುದಾ?'
ಏಳುಮಲೈ ನನ್ನನ್ನು ನೋಡಿದ,
ಮೂರು ರೂಪಾಯಿ ಟಿಕೆಟ್ಟಿಗೆ ಐನೂರರ ನೋಟು ಚಾಚಿದವರನ್ನು
ನಾನು ನೋಡುತ್ತಿದ್ದ ಹಾಗೆ.
'ಅದು ನಿಂತೇ ಇರ್ಬೇಕಮ್ಮ.'
ನಿಂತೇ ಇರುವುದೇನೆಂದು ನನ್ನ ಮೊಣಕಾಲಿಗೆ ಗೊತ್ತು.

'ಚಳಿ ಕಡೆ ಹೋಗ್ತೀರಾ?'
'ಊಟಿಗೆ. ಜನವರಿಯಲ್ಲಿ.'
'ಬೆಳಗ್ಗೆ ಉರಿ ಸಣ್ಣಕ್ಕೆ ಬರ್ತದೆ. ಒಳಗಿನ ಗ್ಯಾಸಿಗೆ
ಏಳೋಕೆ ಮನಸ್ಸಿರಲ್ಲ, ನಮ್ ಥರಾನೇ.
ಪಕ್ಕದಲ್ಲಿ ಬೆಂಕಿ ಗಿಂಕಿ ಇಟ್ಬಿಟ್ಟೀರಿ! ಬಿಸಿಲು ಬರ್ಲಿ, ಕಾಯ್ರಿ.'

ಆಮೇಲೆ ಆ ಪಾರದರ್ಶಕದ್ದನ್ನು ಎತ್ತಿ ತೋರಿಸಿದ:
'ಎಷ್ಟು ಉಳಿದಿದೆ ಅಂತ ದಿನಾ ಕಾಣ್ಸತ್ತೆ ನೋಡಿ.'
ನಮ್ಮಮ್ಮ ಒದ್ದೆ ಬಟ್ಟೆಯಲ್ಲಿ ಸಿಲಿಂಡರಿನ ಮೈ ಒರೆಸುತ್ತಿದ್ದಳು;
ಮೇಲಿನದು ಬೇಗ ಆರುವುದು, ಗ್ಯಾಸಿದ್ದಲ್ಲಿ ತಡವಾಗಿ.
ಬೇಕೆಂದಾಗ ಕೇಳಿಕೊಳ್ಳುವ ಲೆಕ್ಕ ಅದು.
ಅರವತ್ತೊಂದರಲ್ಲಿ, ಎಷ್ಟು ಉಳಿದಿದೆ ಎಂಬುದು
ಹೊತ್ತು ಹೊತ್ತಿಗೂ ಕಣ್ಣಿಗೆ ಬೀಳುವುದು ನನಗೆ ಬೇಡ.

ಗಿಡ್ಡನೇ ಸರಿ. ಐದು ಕೆಜಿ.
ಒಂದೇ ಕೈಯಲ್ಲಿ ಎತ್ತಿದೆ, ಸೊಂಟ ಏನೂ ಅನ್ನಲಿಲ್ಲ.

ಗಾಡಿ ನೋಡಲು ಅವನೇ ಬಂದ. ಹಳೇ ಪೈಪು ಮುಟ್ಟಿ,
'ಇಸವಿ ಓದಿ' ಅಂದ. ಎರಡು ಸಾವಿರದ ಒಂಬತ್ತು.
ಹಿಮ್ಮಡಿಯ ಹಾಗೆ ಬಿರುಕು. ಕಿತ್ತು ಚರಂಡಿ ಕಡೆ ಎಸೆದ.
ಗೂಡಿನೊಳಗೆ ಬಗ್ಗಿದವನು ಅಲ್ಲೇ ನಿಂತ.
ನೆಲದಲ್ಲೊಂದು ತೂತು, ತುಕ್ಕು ತಿಂದದ್ದು.
ನಾಚಿಕೆಯಾಯಿತು. 'ನಾಳೆ ದಸ್ತಗೀರ್ ಬರ್ತಾನೆ,
ವೆಲ್ಡಿಂಗ್ ಹೊಡೆದು ಮುಚ್ಚುತಾನೆ.'
'ಮುಚ್ಚಬೇಡಿ!' ಅಂದ. 'ಇದು ಮೇಲಕ್ಕೆ ಹೋಗೋ ಹೊಗೆ ಅಲ್ಲಮ್ಮ.
ಸೋರಿದ್ರೆ ನೀರಿನಂಗೆ ತಗ್ಗಿಗೆ ಇಳೀತದೆ,
ಇಳಿದು ಹೋಗೋಕೆ ದಾರಿ ಬೇಕು.
ಸಿಲಿಂಡರು ಹೊರಗಿಟ್ಟು ದುಂಡಗೆ ಕೊರೆಸಿ, ಜಾಲರಿ ಹಾಕ್ಸಿ.'

ಮೂರು ತಿಂಗಳು ಈ ಗಾಡಿಯಲ್ಲಿ
ನಾನು ಮುಚ್ಚಿಸಿದ ತೂತುಗಳ ಬಿಲ್ಲು ಪರ್ಸಿನಲ್ಲೇ ಇತ್ತು.

ಸೋಪಿನ ನೊರೆ ಹಚ್ಚಿ ನೋಡಿದೆವು. ಗುಳ್ಳೆ ಏಳಲಿಲ್ಲ.
ಮೊದಲ ಚಹಾ ಅಲ್ಲೇ, ಏಳುಮಲೈಗೆ ಸಕ್ಕರೆ ಇಲ್ಲದೆ.
ಹಚ್ಚುವ ಮುನ್ನ ತೂತಿನಲ್ಲಿ ಇಣುಕಿದೆ:
ಕಲಾಸಿಪಾಳ್ಯದ ಒಂದು ಗೇಣು ಟಾರು,
ಅದರ ಮೇಲೊಂದು ಬೀಡಿ ತುಂಡು.
ಆರಿದ್ದೇ ತಾನೆ ಎಂದು
ಎರಡು ಸಲ ನೋಡಿದೆ.