ನೂರೈವತ್ತರಿಂದ ಆರುನೂರು

ಕಸೂಲೆಯ ಅಂಗಡಿಯ ಗಾಜಿನ ಮೇಜಿನ ಮೇಲೆ
ಮೂರು ಲೆನ್ಸು, ಮೂರೂ ಸೆಕೆಂಡ್ ಹ್ಯಾಂಡು.
ಹೊರಗೆ ಕಂಪಾಲಾದ ಬೋಡಾಬೋಡಾಗಳ ಕಿರುಚಾಟ.
ಒಳಗೆ ನಾನು, ಮಬಾಂಬಾ ಜೌಗಿನ ದೋಣಿಯವಳು,
ಅತಿಥಿಯೊಬ್ಬ ಬಿಟ್ಟುಹೋದ ಕ್ಯಾಮೆರಾ ಕೊರಳಲ್ಲಿ,
ಎರಡು ವರ್ಷದ ಟಿಪ್ಸು ಕುಪ್ಪಸದಲ್ಲಿ.

"ಇದು ಎಪ್ಪತ್ತರಿಂದ ಇನ್ನೂರು," ಅಂದ,
"ನಸುಕಿನ ಬೆಳಕನ್ನು ಬೊಗಸೆಬೊಗಸೆ ಕುಡಿಯುತ್ತದೆ."
ಕುಡಿಯಲಿ. ಬುಲ್ವೆ ನಿಲ್ಲುವ ದೂರಕ್ಕೆ
ಇದರಲ್ಲಿ ಅದೊಂದು ಬೂದು ಮೊಳೆ.

ನೂರರಿಂದ ನಾನೂರು: ಹಗುರ, ಚುರುಕು,
ಬಳೆ ತಿರುಗಿಸಿದರೆ ಬೆಣ್ಣೆ.
ಟಾರ್ಚು ಹಿಡಿಸಿದೆ. ಗಾಜಿನ ಆಳದಲ್ಲಿ
ಜೇಡನ ಎಳೆಯಂಥದ್ದೇನೋ. ಬೂಷ್ಟು.
"ಫೋಟೋದಲ್ಲಿ ಕಾಣುವುದಿಲ್ಲ ಅಕ್ಕಾ."
ಈ ವರ್ಷ ಕಾಣದು ತಮ್ಮಾ.
ನನ್ನದು ನೀರಿನಂಚಿನ ಮನೆ,
ಅಲ್ಲಿ ಡಬ್ಬಿಯೊಳಗಿನ ಉಪ್ಪೂ ಅಳುತ್ತದೆ.

ಮೂರನೆಯದನ್ನು ಎತ್ತಿದೆ.
ಎರಡು ಕಿಲೋ, ಬಲಿತ ಎಮ್ಮಾಂಬ ಮೀನಿನ ತೂಕ.
ಕೆಳಮುಖ ಹಿಡಿದರೆ ಸೊಂಡಿಲು ತಾನೇ ಜಾರಿ ಇಳಿಯುತ್ತದೆ,
ನೆಲ ಮೂಸುವ ಮುದಿ ಆನೆಯ ಹಾಗೆ.
ಆರುನೂರರ ತುದಿಯಲ್ಲಿ ಬೆಳಕಿಗೆ ಬಡತನ:
ಮೋಡದ ದಿನ ತೆಗೆದದ್ದೆಲ್ಲ
ರವೆ ಚೆಲ್ಲಿದಂತೆ ಕಾಳುಕಾಳು.
ನಡುಕ ತಡೆಯುವ ಯಂತ್ರ ಒಳಗಿದೆಯಂತೆ,
ಕಿವಿಗಿಟ್ಟರೆ ಜೇನಿನ ಸದ್ದು.
ನನ್ನ ಕೈಯ ನಡುಕ ತಡೆದೀತು.
ದೋಣಿಯದ್ದನ್ನು?
ಹಿಂದೆ ಕೂತು ಸೀನುವವರದ್ದನ್ನು?

ಹನ್ನೊಂದು ವರ್ಷದಿಂದ ಕೇಳಿದ್ದೇನೆ:
ಇನ್ನೂ ಹತ್ತಿರ, ನಸ್ಸೊಲೊ, ಇನ್ನೊಂಚೂರು ಹತ್ತಿರ.
ಗಳ ಊರುತ್ತೇನೆ. ಕೆಸರು ಗುಳಕ್ ಅನ್ನುತ್ತದೆ.
ಪಪೈರಸ್ ಸರಿಸಿಕೊಂಡು ನುಗ್ಗುತ್ತೇವೆ,
ಬಾಗಿಲಿಲ್ಲದವರ ಮನೆಗೆ ನುಗ್ಗಿದ ಹಾಗೆ.
ಹಕ್ಕಿ ಒಮ್ಮೆ ನೋಡುತ್ತದೆ. ಎದ್ದುಹೋಗುತ್ತದೆ.
ಬೆಳಗಿಡೀ ಅದು ಕಾದ ಮೀನು
ಕೆಸರಲ್ಲೇ ಉಳಿಯುತ್ತದೆ,
ಟಿಪ್ಸು ನನ್ನ ಕೈ ಸೇರುತ್ತದೆ.

ಅದೇ ದುಡ್ಡನ್ನು ಎಣಿಸಿ ಮೇಜಿನ ಮೇಲಿಟ್ಟೆ.
"ದೊಡ್ಡದೇ ಬೇಕೇ? ಹಕ್ಕಿಯನ್ನು
ಅಷ್ಟು ಹತ್ತಿರ ತಂದು ಏನು ಮಾಡುತ್ತೀ?"
ನಾನು ದೂರ ಇರುವುದಕ್ಕೆ, ಅಂದೆ.
ಅವನಿಗೆ ಅರ್ಥವಾಯಿತೋ ಇಲ್ಲವೋ,
ಚೀಲಕ್ಕೆ ಬೇರೆ ದುಡ್ಡು ಕೇಳಿದ.
ಕೊಡಲಿಲ್ಲ.

ಮೊದಲ ಬೆಳಗು ದೋಣಿಯಲ್ಲಿ ಅಪ್ಪನೂ ಇದ್ದ.
ಬಲೆಯ ಕಾಲದಲ್ಲಿ ಬುಲ್ವೆ ಕಣ್ಣಿಗೆ ಬಿದ್ದರೆ
ಹುಟ್ಟಿನಿಂದ ನೀರು ಬಡಿದು ಅದನ್ನು ಎಬ್ಬಿಸಿ,
ಮುಖ ತಿರುಗಿಸಿ ಮನೆಗೆ ಬಂದುಬಿಡುತ್ತಿದ್ದ.
ಅದನ್ನು ಕಂಡ ದಿನ ಬಲೆ ಬರಿದು.
ನಲವತ್ತು ವರ್ಷ ಅಟ್ಟಿದ್ದಾನೆ,
ಒಮ್ಮೆಯೂ ಸರಿಯಾಗಿ ನೋಡದೆ.

ದೂರದಲ್ಲೇ ಗಳ ಊರಿ ನಿಂತೆ.
ಆರುನೂರು: ಬರೀ ಕಣ್ಣು,
ಮಾಸಿದ ಹಳದಿ, ರೆಪ್ಪೆ ಬಡಿಯದ್ದು.
ಕೊಕ್ಕಿನ ಮೇಲೆ ಹಳೆ ದೋಣಿಯ ಹಲಗೆಯ ಗೀರು, ಕಲೆ.
ದೂರದ ಬೆಟ್ಟ ನುಣ್ಣಗೆ ಅಂದವರು
ಈ ಕೊಳವೆಯಲ್ಲಿ ಇಣುಕಿದವರಲ್ಲ.
ಆದರೆ ನೀರು ಎಲ್ಲಿ? ಬೆಳಗು ಎಲ್ಲಿ?
ಹಿಂದಕ್ಕೆ ತಿರುಗಿಸಿದೆ. ನಾನೂರು, ಇನ್ನೂರು, ನೂರೈವತ್ತು:
ನೈದಿಲೆ ಬಂತು, ಮಂಜು ಬಂತು,
ಮಂಜಿನ ನಡುವೆ ಅವನು,
ಕೆಲಸ ಹೋದರೂ ಕಚೇರಿಗೆ ಬಂದು ನಿಂತ
ಬೂದು ಕೋಟಿನ ಗುಮಾಸ್ತ.
ಜೂಮಿಗೆ ದುಡ್ಡು ಕೊಟ್ಟದ್ದು
ಈ ಹಿಂದಿರುಗುವ ದಾರಿಗೂ ಹೌದು.

"ಕೊಡು ಇಲ್ಲಿ," ಅಂದ ಅಪ್ಪ.
ಒಂದು ಕಣ್ಣು ಮುಚ್ಚಿದ, ಆಮೇಲೆ ಇನ್ನೊಂದನ್ನು,
ಆಮೇಲೆ ಸರಿಹೋಯಿತು.
ದೋಣಿಯಲ್ಲಿ ಸೊಳ್ಳೆಯದ್ದೊಂದೇ ಮಾತು.

ಗುಮಾಸ್ತ ಒಮ್ಮೆಲೇ ಮುಗ್ಗರಿಸಿ ನೀರಿಗೆ ಬಿದ್ದ,
ರೆಕ್ಕೆ, ಕಾಲು, ಹುಲ್ಲು, ಎಲ್ಲ ಒಂದೇ ಗಂಟು.
ಎದ್ದಾಗ ಕೊಕ್ಕಿನ ತುಂಬ ಒದ್ದಾಡುವ ಎಮ್ಮಾಂಬ.

"ಥೂ ಇವನ!" ಅಂದ ಅಪ್ಪ.
"ನಾನು ಹಿಡಿದದ್ದಕ್ಕಿಂತ ದೊಡ್ಡದು!"
ಒತ್ತು ಅಪ್ಪಾ, ಗುಂಡಿ ಒತ್ತು, ಅಂದೆ.
ಒತ್ತಲಿಲ್ಲ.
ಕ್ಯಾಮೆರಾ ವಾಪಸು ಕೊಡಲೂ ಇಲ್ಲ,
ಹಕ್ಕಿ ಬಾಲದವರೆಗೂ ನುಂಗಿ ಮುಗಿಸುವ ತನಕ.