ಬಿಡೋವಾಗ ಮೆಲ್ಲಗೆ

ಸೋಮವಾರ ಬೆಳಗಿನ ಜಾವ ಆಸ್ಪತ್ರೆಯ ನೆಲಮಾಳಿಗೆಗೆ
ಸೀಸದ ಡಬ್ಬಿಯೊಳಗೆ ಕೂತು ಬರುತ್ತದೆ ನಮ್ಮ ಹಸು.
ಹಸು ಅನ್ನುತ್ತೇವೆ ನಾವು. ಕೊಂಬಿಲ್ಲ, ಬಾಲವಿಲ್ಲ,
ದಿನಕ್ಕೊಮ್ಮೆ ಕರೆದರೆ ಒಂದು ಒಳಲೆಯಷ್ಟೂ ಇಲ್ಲ
ನೀರಿನಂಥ ಹಾಲು. ಟೆಕ್ನೀಷಿಯಂ ಅಂತ ಹೆಸರು.
ಆರು ಗಂಟೆಯಲ್ಲಿ ಅರ್ಧ ಆರಿಹೋಗುತ್ತದೆ,
ಮತ್ತಾರು ಗಂಟೆಗೆ ಉಳಿದರ್ಧದ ಅರ್ಧ.
ಶನಿವಾರದ ಹೊತ್ತಿಗೆ ಕೆಚ್ಚಲೇ ಬತ್ತಿರುತ್ತದೆ.
ಹದಿನಾಲ್ಕು ವರ್ಷದಿಂದ ಕರೆಯುತ್ತಿದ್ದೇನೆ.
ಮನೆಯಲ್ಲಿ ಪ್ಯಾಕೆಟ್ ಹಾಲು.

ಮಂಗಳವಾರ ಬಂದವರು ಪಿಳ್ಳಮುನಿಯಪ್ಪ,
ಮೂವತ್ತೊಂದು ವರ್ಷ ಜಲಮಂಡಳಿಯ ವಾಲ್ವ್ ತಿರುಗಿಸಿದವರು.
ಶ್ರೀರಾಂಪುರದ ಗಲ್ಲಿಗಳೆಲ್ಲ ಅವರಿಗೆ
ಮನೆ ನಂಬರಿನಿಂದಲ್ಲ, ಇಂಚಿನಿಂದ ಗೊತ್ತು:
ಇದು ನಾಲ್ಕು, ಅದು ಆರು, ಮೂಲೆಯ ದರ್ಜಿ ಅಂಗಡಿಯ ಕೆಳಗೆ
ಯಾರೂ ನಕ್ಷೆಯಲ್ಲಿ ಬರೆಯದ ಒಂದು ಹಳೇ ಜಾಯಿಂಟು.

ವರ್ಷದಲ್ಲಿ ಮೂರು ಸಲ ಕಿಡ್ನಿಯಲ್ಲಿ ಕಲ್ಲು.
ಬಚ್ಚಲಲ್ಲಿ ಜಾರಿದ್ದೇ ನೆಪ, ಮಣಿಕಟ್ಟು ಚಕ್ಕುಲಿಯಂತೆ ಮುರಿಯಿತು.
ಕಲ್ಲು ಹುಡುಕಲು ಹೊಟ್ಟೆಗೆ ಜೆಲ್ಲಿ ಸವರಿದ ಹುಡುಗ
ಕಲ್ಲು ಬಿಟ್ಟು ಬೇರೇನನ್ನೋ ನೋಡಿ ಸುಮ್ಮನಾದ:
ಹೊಕ್ಕುಳ ಹಿಂದೆ ಮಹಾಧಮನಿ
ಐದೂಮುಕ್ಕಾಲು ಸೆಂಟಿಮೀಟರ್ ಉಬ್ಬಿ ನಿಂತಿತ್ತು.
"ಪೈಪು ಹೊಟ್ಟೆ ಬಿಟ್ಟಿದೆ ಅನ್ನಿ" ಎಂದರಂತೆ ಮುನಿಯಪ್ಪ,
ಎದ್ದು ಜೆಲ್ಲಿ ಒರೆಸಿಕೊಳ್ಳುತ್ತ.

ಅದಕ್ಕೆ ಕೈ ಹಾಕುವ ಮೊದಲು
ರಕ್ತದಲ್ಲಿ ಏರಿದ ಕ್ಯಾಲ್ಸಿಯಂ ಇಳಿಯಬೇಕು.
ಏರಿಸುತ್ತಿರುವ ಕಳ್ಳ ಕತ್ತಿನಲ್ಲಿದ್ದಾನೆ.
ನಾಲ್ಕು ತೊಗರಿಬೇಳೆಯಲ್ಲಿ ಒಂದು ಅವರೆಕಾಳಾಗಿದೆ,
ಯಾವುದೆಂದು ಹೇಳುವುದು ನನ್ನ ಕೆಲಸ.

ಸೂಜಿ ಚುಚ್ಚಿ ಹದಿನೈದು ನಿಮಿಷಕ್ಕೆ ಮೊದಲ ಚಿತ್ರ.
ಥೈರಾಯ್ಡಿನ ಎರಡೂ ರೆಕ್ಕೆ ಮಿನುಗುತ್ತವೆ,
ಕಳ್ಳನೂ ಅದೇ ಬೆಳಕಲ್ಲಿ ಅಡಗಿರುತ್ತಾನೆ.
ಎರಡು ಗಂಟೆ ಕಾಯಬೇಕು.
ಥೈರಾಯ್ಡು ಕೊಟ್ಟದ್ದನ್ನು ಬಿಟ್ಟುಬಿಡುತ್ತದೆ,
ಕಾಯಿಲೆಯದು ಬಿಡುವುದಿಲ್ಲ.
ನನ್ನ ಕಸುಬಿನ ವಿದ್ಯೆ ಇಷ್ಟೇ:
ಯಾವುದು ಕೈಬಿಡಲೊಲ್ಲದೋ ಅದನ್ನು ಕಾದು ನೋಡುವುದು.

ಆ ಎರಡು ಗಂಟೆ ಅವರು ಸೀಸದ ಗೋಡೆಯ ಕೋಣೆಯಲ್ಲಿ ಒಬ್ಬರೇ.
ಗಾಜಿನಾಚೆಯಿಂದ ಮೈಕಿನಲ್ಲಿ ಕೇಳಿದರು:
"ಮೇಡಮ್ಮೋ, ಹೊಟ್ಟೆ ಆಪರೇಷನ್ನಿಗೆ ಕ್ಲ್ಯಾಂಪ್ ಹಾಕ್ತಾರಂತಲ್ಲ,
ಎಷ್ಟೊತ್ತು ನೀರು ನಿಲ್ಲಿಸ್ತಾರೆ?"
ಅರ್ಧ ಗಂಟೆ, ಮುಕ್ಕಾಲು, ಅಂದೆ.
"ಯಾವ್ಯಾವ ರೋಡಿಗೆ?"
ಎರಡು ಕಾಲಿಗೆ. ಕಿಡ್ನಿ ಲೈನು ಮೇಲಿದೆ, ಅದಕ್ಕೆ ಬರ್ತಿರುತ್ತೆ.
"ಮುಂಚೇನೇ ಹೇಳಬೇಕಲ್ವಾ ರೋಡಿನೋರಿಗೆ,
ಬಿಂದಿಗೆ ತುಂಬಿಟ್ಕೊಳ್ಳೋಕೆ."
ನನಗೆ ನಗು ಬರಲಿಲ್ಲ. ಅವರು ತಮ್ಮ ಪಾದಗಳನ್ನೇ ನೋಡುತ್ತ ಕೂತಿದ್ದರು,
ಸುದ್ದಿ ಮುಟ್ಟಿಸುವವರ ಹಾಗೆ.

ಎರಡನೇ ಚಿತ್ರ. ರೆಕ್ಕೆಗಳು ಮಾಸಿವೆ.
ಎಡಗಡೆ, ಕೆಳಗೆ, ಒಂದು ಚುಕ್ಕೆ:
ನಡುರಾತ್ರಿ ಗಲ್ಲಿಯ ಕೊನೆಗೆ ಯಾರದೋ ಬೀಡಿ.

ಕತ್ತಿನದು ತೆಗೆದರು. ಹಸಿದ ಮೂಳೆಗಳು
ಇಷ್ಟು ವರ್ಷದ ಸಾಲವನ್ನು ಒಂದೇ ವಾರದಲ್ಲಿ ವಸೂಲಿಗಿಳಿದವು.
ತುಟಿ ಜುಮ್ಮೆಂದಿತು, ಬೆರಳು ಸೆಟೆದವು, ಮಾತ್ರೆ ಮೇಲೆ ಮಾತ್ರೆ.
ಹೊಟ್ಟೆಗೆ ಐದು ವಾರ ಬಿಟ್ಟು ತಾರೀಖು.

ಹಿಂದಿನ ಸಂಜೆ ಡಾಕ್ಟರ್ ನಫೀಸಾ ಸಹಿ ಕೇಳಿದಾಗ
ಪೆನ್ನು ಹಿಡಿದೇ ಹೇಳಿದರಂತೆ:
"ನಿಲ್ಲಿಸೋದು ದೊಡ್ಡದಲ್ಲ ಡಾಕ್ಟ್ರೇ, ಬಿಡೋದು.
ಒಂದೇ ಸಲ ಬಿಟ್ರೆ ಲೈನು ಒದರುತ್ತೆ, ಜಾಯಿಂಟು ಬಿಚ್ಕೊಳ್ಳುತ್ತೆ.
ಕಾಲು ಸುತ್ತು. ನಿಲ್ಲಿ. ಕಿವಿಗೊಡಿ. ಇನ್ನು ಕಾಲು ಸುತ್ತು."
"ನಾವೂ ಹಾಗೇನೇ ಬಿಡೋದು" ಅಂದರಂತೆ ಆಕೆ.
ಆಮೇಲೇ ಸಹಿ ಬಿತ್ತು.

ನಾನು ಅಲ್ಲಿರಲಿಲ್ಲ. ಶನಿವಾರ,
ಬತ್ತಿದ ಹಸುವಿನ ಪಕ್ಕ ಕೂತು ಲೆಕ್ಕ ಬರೆಯುತ್ತಿದ್ದೆ.
ಮೂರೂವರೆಗೆ ಆರನೇ ಮಹಡಿಯಿಂದ ಸಿಸ್ಟರ್ ಫೋನು:
"ಎರಡೂ ಪಾದ ಬೆಚ್ಚಗಿವೆ."

ರಾತ್ರಿ ಎರಡಕ್ಕೆ ನಮ್ಮ ಮನೆಯ ನಲ್ಲಿ ಕೆಮ್ಮಿತು.
ಮೊದಲು ಗಾಳಿ, ಆಮೇಲೆ ಕೆಂಪು, ಆಮೇಲೆ ನೀರು.
ಯಾರೋ ಎಲ್ಲೋ ಬಗ್ಗಿ ನಿಂತು ಕಾಲು ಸುತ್ತು ತಿರುಗಿಸಿ
ಕಿವಿಗೊಟ್ಟಿದ್ದಾರೆ.
ಬಿಂದಿಗೆ ಇಟ್ಟೆ.